ದರಪಟ್ಟಿಯ ಜಗಳ ಬಿಟ್ಟು ಮುಂದೆ ನಡೆಯುವುದು: ಒಂದು ರೊಟ್ಟಿ ಕೇಂದ್ರದಲ್ಲಿ ಕಲಿತ ಹೆಜ್ಜೆಗಳು

ಬಾಗಲಕೋಟೆಯ ನವನಗರದಲ್ಲಿ ನಾನೊಂದು ಜೋಳದ ರೊಟ್ಟಿ ಕೇಂದ್ರ ನಡೆಸುತ್ತೇನೆ. ಹದಿನಾಲ್ಕು ಹೆಣ್ಣುಮಕ್ಕಳು ರೊಟ್ಟಿ ಬಡಿಯುತ್ತಾರೆ, ಇಬ್ಬರು ಚಟ್ನಿ ಕುಟ್ಟುತ್ತಾರೆ, ಒಬ್ಬ ಹುಡುಗ ಟಂಟಂ ಆಟೋದಲ್ಲಿ ಮಾಲು ಮುಟ್ಟಿಸುತ್ತಾನೆ. ದಿನಕ್ಕೆ ಸುಮಾರು 2,800 ರೊಟ್ಟಿ ಹೊರಗೆ ಹೋಗುತ್ತವೆ. ಇಷ್ಟು ಸಣ್ಣ ವ್ಯವಹಾರದವರು ಮುಂದಾಳತ್ವದ ಬಗ್ಗೆ ಬರೆಯುವುದು ಅತಿಯಾಯಿತು ಎನಿಸಬಹುದು. ಆದರೆ ಎಂಟು ತಿಂಗಳು ಪೈಪೋಟಿಗೆ ಬಿದ್ದು ಕೈ ಸುಟ್ಟುಕೊಂಡವಳು ನಾನು. ಬೇರೆ ದಾರಿ ಹಿಡಿದು ಈಗ ಮೂರು ವರ್ಷವಾಯಿತು. ಗುಳೇದಗುಡ್ಡದ ಖಣದ ಮಗ್ಗವಿರಲಿ, ಅಮೀನಗಡದ ಕರದಂಟಿನ ಅಂಗಡಿಯಿರಲಿ, ಮನೆಯ ಪಡಸಾಲೆಯ ನಾಲ್ಕು ಹೊಲಿಗೆ ಯಂತ್ರಗಳಿರಲಿ, ಜನರ ಕೈಚಳಕದ ಮೇಲೆ ನಿಂತ ಯಾವ ಉದ್ಯಮಕ್ಕೂ ಈ ಹೆಜ್ಜೆಗಳು ಒಗ್ಗುತ್ತವೆ ಎಂಬುದು ನನ್ನ ಅಂದಾಜು.

ಜಗಳ ಶುರುವಾದದ್ದು ಒಂದು ಬೋರ್ಡಿನಿಂದ. ನಮ್ಮಿಂದ ಎರಡು ಸೆಕ್ಟರ್ ಆಚೆ ಹೊಸ ಕೇಂದ್ರವೊಂದು ತೆರೆಯಿತು. ಬಾಗಿಲಲ್ಲೇ ದೊಡ್ಡ ಅಕ್ಷರದಲ್ಲಿ ‘ರೊಟ್ಟಿ 7 ರೂಪಾಯಿ’ ಎಂದಿತ್ತು. ನಮ್ಮದು 8 ಇತ್ತು. ಮರುದಿನವೇ ನಾನು 6.50 ಎಂದು ಬರೆಸಿದೆ. ಅವರು 6 ಎಂದರು. ನಾನು 5.75ಕ್ಕೆ ಇಳಿದೆ. ದಿನಾ ಸಂಜೆ ಹುಡುಗನನ್ನು ಅವರ ಬೋರ್ಡು ನೋಡಿಕೊಂಡು ಬರಲು ಕಳಿಸುವುದೇ ನನ್ನ ಉದ್ಯೋಗವಾಯಿತು. ನಮ್ಮದೇ ಒಲೆಯ ಮುಂದೆ ಏನು ನಡೆದಿದೆ ಎಂದು ನೋಡಲು ಪುರಸೊತ್ತೇ ಇರಲಿಲ್ಲ.

1. ನೆಲದ ದರ ಗೊತ್ತುಮಾಡಿಕೊಳ್ಳಿ

ಎಲ್ಲಕ್ಕಿಂತ ಮೊದಲು ಒಂದು ಹಾಳೆ ತೆಗೆದುಕೊಂಡು ಒಂದು ರೊಟ್ಟಿಗೆ ತಗಲುವ ಖರ್ಚನ್ನು ಪೈಸೆಯವರೆಗೆ ಬರೆಯಿರಿ. ನಮ್ಮ ಲೆಕ್ಕ ಹೀಗಿತ್ತು. ಒಂದು ಕಿಲೋ ಹಿಟ್ಟಿಗೆ 20 ರೊಟ್ಟಿ. ಜೋಳ, ಬೀಸುವ ಕೂಲಿ ಸೇರಿ ರೊಟ್ಟಿಗೆ 2.75 ರೂಪಾಯಿ. ಬಡಿಯುವವರ ಕೂಲಿ 1.75. ಗ್ಯಾಸು, ಕಟ್ಟಿಗೆ 75 ಪೈಸೆ. ಕಟ್ಟುವುದು, ಸಾಗಿಸುವುದು 60 ಪೈಸೆ. ಮುರಿದು ಹೋಗುವುದಕ್ಕೆ 40, ಬಾಡಿಗೆ ಮತ್ತು ಕರೆಂಟಿಗೆ 25. ಒಟ್ಟು 6.50. ನಿಮ್ಮ ಅಂಕಿಗಳು ಬೇರೆಯೇ ಇರುತ್ತವೆ, ಆದರೆ ಸಾಲುಗಳು ಹೆಚ್ಚುಕಡಿಮೆ ಇವೇ.

ಈ ಹಾಳೆಯನ್ನು ಎದುರಿಗಿಟ್ಟುಕೊಂಡಾಗ ಎರಡು ಸಂಗತಿ ಹೊಳೆಯಿತು. 8ಕ್ಕೆ ಮಾರಿದರೆ ನನಗೆ ಉಳಿಯುತ್ತಿದ್ದದ್ದು ಒಂದೂವರೆ ರೂಪಾಯಿ. 7ಕ್ಕೆ ಮಾರಿದರೆ ಐವತ್ತು ಪೈಸೆ. ಎಂದರೆ ದರದಲ್ಲಿ ಒಂದೇ ಒಂದು ರೂಪಾಯಿ ಬಿಟ್ಟರೆ ಅಷ್ಟೇ ಲಾಭಕ್ಕೆ ಮೂರು ಪಟ್ಟು ರೊಟ್ಟಿ ಮಾರಬೇಕು. ಸಾವಿರ ರೊಟ್ಟಿಗೆ ಐದು ಜನ ಸಾಕಾಗಿದ್ದಲ್ಲಿ ಹದಿನೈದು ಜನ ಬೇಕು, ಒಲೆಗಳೂ ಮೂರು ಪಟ್ಟು ಬೇಕು. ರೊಟ್ಟಿ ಬಡಿಯುವ ಕೈಗಳು ಅಂಗಡಿಯಲ್ಲಿ ಸಿಗುವುದಿಲ್ಲ. ಎರಡನೆಯದು ಇನ್ನೂ ಕಹಿ. 5.75ಕ್ಕೆ ಮಾರಿದ ತಿಂಗಳುಗಳಲ್ಲಿ ಕಡಿಮೆ ಬಿದ್ದ 75 ಪೈಸೆ ಎಲ್ಲಿಂದ ಬಂತು ಎಂದು ಹುಡುಕಿದೆ. ಹಳೆಯ, ಮುಗ್ಗಿದ ಜೋಳ ತಂದು 40 ಪೈಸೆ ಉಳಿಸಿದ್ದೆ. ಕೂಲಿಯನ್ನು 1.75ರಿಂದ 1.40ಕ್ಕೆ ಇಳಿಸಿ ಉಳಿದ 35 ಪೈಸೆ ತೆಗೆದಿದ್ದೆ. ನಾನು ಹೋರಾಡಿದ್ದು ಎದುರಿನವರ ಮೇಲೆ ಎಂದುಕೊಂಡಿದ್ದೆ. ಪೆಟ್ಟು ಬಿದ್ದದ್ದು ನಮ್ಮದೇ ರೊಟ್ಟಿ ಬಡಿಯುವ ಹಲಗೆಯ ಮುಂದೆ ಕುಳಿತವರ ಬೆನ್ನಿಗೆ.

ಹೀಗೆ ಬಂದ ಒಟ್ಟು ಮೊತ್ತವೇ ನಿಮ್ಮ ನೆಲದ ದರ, ನಮ್ಮದು 6.50. ಅದಕ್ಕಿಂತ ಕೆಳಗೆ ಯಾರು ಎಳೆದರೂ ಇಳಿಯಬೇಡಿ. ಹಾಳೆಯನ್ನು ಮುಚ್ಚಿಡದೆ ಕೆಲಸ ಮಾಡುವವರಿಗೂ ಓದಿ ಹೇಳಿ. ನಾನು ಹೇಳಿದ ದಿನ ಒಬ್ಬ ಚಿಗವ್ವ, “ಮುರಿದದ್ದಕ್ಕೇ 40 ಪೈಸೆ ಹೋಗುತ್ತದೆಯೇ? ನಮಗೆ ಇಷ್ಟು ದಿನ ಯಾರೂ ಹೇಳಿರಲಿಲ್ಲವಲ್ಲ” ಎಂದಳು. ಮರುವಾರದಿಂದ ರೊಟ್ಟಿಗಳ ನಡುವೆ ಕಾಗದ ಇಟ್ಟು ಜೋಡಿಸುವ ಉಪಾಯವನ್ನು ಅವಳೇ ತಂದಳು.

2. ಕೂಲಿ ತಡವಾದರೆ ಹುರುಪಿನ ಮಾತೇ ಬೇಡ

ಪೈಪೋಟಿಯ ಆ ದಿನಗಳಲ್ಲಿ ಯಾರೋ ಹೇಳಿದರೆಂದು ಹುರಿದುಂಬಿಸುವ ಭಾಷಣಕಾರರೊಬ್ಬರನ್ನು ಕರೆಸಿದ್ದೆ. ಅವರು ನಮ್ಮವರನ್ನೆಲ್ಲ ಎದ್ದು ನಿಲ್ಲಿಸಿ, ಕೈ ಮೇಲೆತ್ತಿಸಿ, ‘ನಾನು ಗೆಲ್ಲುತ್ತೇನೆ’ ಎಂದು ಮೂರು ಸಲ ಕೂಗಿಸಿದರು. ಎಲ್ಲ ಮುಗಿದ ಮೇಲೆ ರೊಟ್ಟಿ ಬಡಿಯುವವರಲ್ಲಿ ನಾವು ದೊಡ್ಡವ್ವ ಎಂದು ಕರೆಯುವ ಹಿರಿಯಳು ನನ್ನ ಹತ್ತಿರ ಬಂದು ಕಿವಿಯಲ್ಲಿ ಕೇಳಿದ್ದು ಇಷ್ಟೇ: “ಈ ಒಂದು ತಾಸಿನ ಕೂಲಿ ಹಿಡಿಯುತ್ತೀಯೇನವ್ವಾ?”

ಅದಕ್ಕಿಂತ ದೊಡ್ಡ ಪಾಠ ಭಾಷಣದಲ್ಲಿ ಇರಲಿಲ್ಲ. ಕೂಲಿಯನ್ನು ಹಳೆಯ ದರಕ್ಕೆ ಏರಿಸಿದೆ. ಶನಿವಾರ ಮಧ್ಯಾಹ್ನ ಮೂರು ಗಂಟೆಯೊಳಗೆ, ಭಾನುವಾರದ ಸಂತೆಗೆ ಹೋಗುವ ಮುನ್ನ, ಕೈಗೆ ಕೊಡುತ್ತೇನೆ. ಗಿರಾಕಿ ಹಣ ಕೊಡಲಿಲ್ಲ ಎಂಬುದು ನನ್ನ ತಾಪತ್ರಯ, ಅವರದಲ್ಲ. ಇದಾಗದೆ ಮುಂದಿನ ಹೆಜ್ಜೆಗಳಿಗೆ ಹೋಗಬೇಡಿ.

3. ಒಳ್ಳೆಯ ಕೆಲಸದ ಅಳತೆಯನ್ನು ಕೈಗೆ ಗೊತ್ತಿದ್ದವರಿಂದಲೇ ಹೇಳಿಸಿ

ಒಂದು ವಸತಿ ನಿಲಯದ ಮೆಸ್ಸಿನಿಂದ ನೂರೈವತ್ತು ರೊಟ್ಟಿ ವಾಪಸು ಬಂದಿದ್ದವು. ಕೆಲವು ಚೂರಾಗಿದ್ದವು, ಕೆಲವು ಮೆತ್ತಗಾಗಿದ್ದವು. ಹಿಂದಿನ ನಾನಾಗಿದ್ದರೆ ಯಾರು ಬಡಿದದ್ದು ಎಂದು ಹುಡುಕಿ ಕೂಲಿ ಮುರಿಯುತ್ತಿದ್ದೆ. ಆ ದಿನ ಚಾದರದ ಮೇಲೆ ಎಲ್ಲವನ್ನೂ ಹರವಿ, ಎಲ್ಲರಿಗೂ ಚಹಾ ಕೊಟ್ಟು, “ಇವುಗಳಿಗೆ ಏನಾಗಿದೆ ಹೇಳಿ” ಎಂದು ಸುಮ್ಮನೆ ಕುಳಿತೆ.

ವೈದ್ಯರು ನಾಡಿ ನೋಡಿದ ಹಾಗೆ ಒಬ್ಬೊಬ್ಬರು ಒಂದೊಂದು ರೊಟ್ಟಿ ಎತ್ತಿಕೊಂಡರು. ಇದು ಎಸರು ಕುದಿಯುವ ಮುನ್ನವೇ ಹಿಟ್ಟು ಹಾಕಿದ್ದು, ಅಂಚು ಬಿರಿದಿದೆ ನೋಡಿ. ಇದು ಬೀಸಿ ಬಹಳ ದಿನವಾದ ಹಿಟ್ಟು, ಜಿಗಿ ಹೋಗಿದೆ. ಇದರ ನಡುವು ತೆಳುವು, ಅಂಚು ದಪ್ಪ. ಇದನ್ನು ಬಿಸಿ ಆರುವ ಮೊದಲೇ ಕಟ್ಟಿದ್ದಾರೆ, ಒಳಗೇ ಬೆವರಿದೆ. ಜೋಳದಲ್ಲಿ ಗೋಧಿಯಂತೆ ಎಳೆಯಾಗಿ ಹಿಗ್ಗುವ ಅಂಟು ಇಲ್ಲ. ಕುದಿಯುವ ನೀರು ಹಿಟ್ಟಿನ ಪಿಷ್ಟವನ್ನು ಅರೆಬೇಯಿಸಿದರೆ ಮಾತ್ರ ಅದಕ್ಕೆ ಜಿಗಿ ಬರುತ್ತದೆ. ಈ ವಿಜ್ಞಾನ ನಾನು ಓದಿ ತಿಳಿದದ್ದು. ಅವರಿಗೆ ಅದು ಬೆರಳಿನಲ್ಲೇ ಇತ್ತು.

ಅವರು ಹೇಳಿದ್ದನ್ನೇ ಐದು ಸಾಲು ಮಾಡಿ ಗೋಡೆಗೆ ಬರೆದೆವು. ನಾಲ್ಕು ಸಾಲು ಎಸರು, ಹಿಟ್ಟು, ಅಂಚು, ಆರಿಸುವುದರ ಬಗ್ಗೆ. ಐದನೆಯದನ್ನು ದೊಡ್ಡವ್ವ ಹೇಳಿದಳು: ‘ಬೀಗರ ಮುಂದೆ ಇಡಲು ನಾಚಿಕೆಯಾಗುವ ರೊಟ್ಟಿ ಕಟ್ಟಿನಲ್ಲಿ ಹೋಗಬಾರದು.’ ದೊಡ್ಡ ಕಂಪನಿಗಳು ಧ್ಯೇಯವಾಕ್ಯ ಬರೆಸಲು ಹಣ ಕೊಟ್ಟು ಜನರನ್ನು ಇಟ್ಟುಕೊಳ್ಳುತ್ತಾರೆ ಎಂದು ಕೇಳಿದ್ದೇನೆ. ನಮಗೆ ಹದಿನೇಳು ಕಪ್ ಚಹಾದಲ್ಲಿ ಮುಗಿಯಿತು.

ನೀವು ಮಾಡುವಾಗ ಒಂದು ಎಚ್ಚರಿಕೆ. ಗೋಡೆಯ ಮೇಲಿನ ಸಾಲುಗಳು ನಿಮ್ಮ ಮಾತಾಗಿರಬಾರದು. ‘ಗುಣಮಟ್ಟವೇ ನಮ್ಮ ಉಸಿರು’ ಎಂಬಂಥದ್ದು ಬರೆದರೆ ಅದರ ಮೇಲೆ ಕ್ಯಾಲೆಂಡರ್ ತೂಗುಹಾಕುತ್ತಾರೆ.

4. ಹಲಗೆಯ ಮುಂದೆ ನೀವೂ ಕುಳಿತುಕೊಳ್ಳಿ

ವಾರದಲ್ಲಿ ಒಂದು ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತೇನೆ. ನನ್ನ ರೊಟ್ಟಿಗಳು ದುಂಡಗೆ ಬರುವುದಿಲ್ಲ. ಅವನ್ನು ತೋರಿಸಿ ಎಲ್ಲರೂ ನಗುತ್ತಾರೆ, ನಗಲಿ. ಮೂರು ತಾಸು ಕುಳಿತ ಮೊದಲ ದಿನವೇ ಮೊಣಕಾಲು ಹಿಡಿದವು, ಹೊಗೆಗೆ ಕಣ್ಣು ಉರಿದವು. ಅವರು ಎರಡು ವರ್ಷದಿಂದ ಹೇಳುತ್ತಿದ್ದ ಮಾತು ನನಗೆ ಒಂದು ಬೆಳಿಗ್ಗೆಯಲ್ಲಿ ಅರ್ಥವಾಯಿತು. ಅದೇ ತಿಂಗಳು ಒಲೆಕಟ್ಟೆಗಳನ್ನು ಸೊಂಟದ ಎತ್ತರಕ್ಕೆ ಏರಿಸಿ, ಹೊಗೆ ಹೋಗಲು ಗೋಡೆ ಒಡೆಸಿ ಫ್ಯಾನ್ ಹಾಕಿಸಿದೆ. ಕುಳಿತು ಮಾಡುವುದೇ ರೂಢಿ ಎಂದ ನಾಲ್ವರಿಗೆ ಹಳೆಯ ಒಲೆಗಳನ್ನೇ ಬಿಟ್ಟಿದ್ದೇನೆ. ಎಲ್ಲರ ಮೈಯೂ ಒಂದೇ ಅಳತೆಯದಲ್ಲ.

5. ಎಣಿಕೆಯ ಬೋರ್ಡು ಹಾಕಬೇಡಿ

ಇದು ನನ್ನ ದೊಡ್ಡ ತಪ್ಪು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಹೊರಗಿನ ಪೈಪೋಟಿ ಬಿಟ್ಟವಳು ಒಳಗೆ ಪೈಪೋಟಿ ಹುಟ್ಟಿಸಿದೆ. ಒಂದು ಕರಿಹಲಗೆಯ ಮೇಲೆ ಯಾರು ದಿನಕ್ಕೆ ಎಷ್ಟು ರೊಟ್ಟಿ ಬಡಿದರು ಎಂದು ಹೆಸರಿನ ಎದುರು ಬರೆಯತೊಡಗಿದೆ. ಮೊದಲು ಬಂದವರಿಗೆ ತಿಂಗಳ ಕೊನೆಗೆ ಒಂದು ಸೀರೆ. ಮೊದಲ ವಾರ ಎಣಿಕೆ ಏರಿತು, ನಾನು ಬೀಗಿದೆ. ಎರಡನೆಯ ವಾರ ಅಂಚು ದಪ್ಪವಾಯಿತು. ಮೂರನೆಯ ವಾರ ಕಾದ ಹಂಚಿಗಾಗಿ ಜಗಳ. ನಾದುವುದನ್ನು ಹೊಸಬರಿಗೆ ಹೇಳಿಕೊಡುತ್ತಿದ್ದ ದೊಡ್ಡವ್ವ ಹೇಳಿಕೊಡುವುದನ್ನೇ ನಿಲ್ಲಿಸಿದಳು. ಆ ಹೊತ್ತಿನಲ್ಲಿ ಅವಳ ಎಣಿಕೆ ಹಿಂದೆ ಬೀಳುತ್ತಿತ್ತು. ಹಲಗೆಯ ಕೊನೆಯಲ್ಲಿ ಹೆಸರಿದ್ದ ಹುಡುಗಿ ಒಂದು ಸೋಮವಾರ ಬರಲೇ ಇಲ್ಲ. ಅವಳ ತಾಯಿ ಆಸ್ಪತ್ರೆಯಲ್ಲಿದ್ದಳು, ರಾತ್ರಿ ನಿದ್ದೆಯಿಲ್ಲದೆ ಕೆಲಸಕ್ಕೆ ಬರುತ್ತಿದ್ದಳು ಎಂಬುದು ನನಗೊಬ್ಬಳಿಗೇ ಗೊತ್ತಿರಲಿಲ್ಲ.

ಆ ಕರಿಹಲಗೆಯನ್ನು ತೆಗೆದು ಮಾಡಿದ್ದು ಹೀಗೆ. ಒಬ್ಬೊಬ್ಬರಲ್ಲಿ ಒಂದು ವಿಶೇಷ ಇದ್ದೇ ಇರುತ್ತದೆ. ಒಬ್ಬಳ ಅಂಚು ತೆಳುವು, ಇನ್ನೊಬ್ಬಳು ಹಂಚಿನ ಕಾವು ಬಲ್ಲವಳು, ಮತ್ತೊಬ್ಬಳು ಕಟ್ಟುವುದರಲ್ಲಿ ಜಾಣೆ. ಬುಧವಾರ ಮಧ್ಯಾಹ್ನ ಅರ್ಧ ತಾಸು ಒಬ್ಬಳು ತನ್ನ ಕೈಯ ಗುಟ್ಟನ್ನು ಉಳಿದವರಿಗೆ ತೋರಿಸುತ್ತಾಳೆ. ಆ ಅರ್ಧ ತಾಸಿಗೆ ಎಲ್ಲರಿಗೂ ಕೂಲಿ ಇದೆ, ತೋರಿಸುವವಳಿಗೆ ಐವತ್ತು ರೂಪಾಯಿ ಹೆಚ್ಚು. ಹೊಸಬಳೊಬ್ಬಳು ಗೋಡೆಯ ಐದು ಸಾಲಿನ ಪ್ರಕಾರ ರೊಟ್ಟಿ ಮಾಡುವಂತಾದಾಗ ಕಲಿಸಿದವಳಿಗೇ ಸೀರೆ. ಎಣಿಕೆ ನನ್ನ ಪುಸ್ತಕದಲ್ಲಿದೆ, ಕೂಲಿ ಕೊಡಲು ಬೇಕಲ್ಲ. ಗೋಡೆಯ ಮೇಲೆ ಇಲ್ಲ.

ನಿಮ್ಮಲ್ಲಿ ಮಗ್ಗವಿದ್ದರೆ ಇಳಕಲ್ ಸೀರೆಯ ಸೆರಗಿನ ತೋಪ ತೆನಿ ವಿನ್ಯಾಸ ನೇಯುವುದರಲ್ಲಿ ಯಾರ ಕೈ ನಯ ಎಂದು ನೋಡಿ, ಅವರನ್ನೇ ಗುರುಗಳನ್ನಾಗಿ ಮಾಡಿ. ಮಾಲೀಕನ ಹೊಗಳಿಕೆಗಿಂತ ಜೊತೆಗಾರರು ತನ್ನ ಹತ್ತಿರ ಕೇಳಲು ಬರುತ್ತಾರೆ ಎಂಬುದು ಮನುಷ್ಯರಿಗೆ ಹೆಚ್ಚು ಹಿಡಿಸುತ್ತದೆ.

6. ಎದುರಿನವರಿಗೆ ಒಂದು ತಟ್ಟೆ ಕಳಿಸಿ

ನಮ್ಮ ಕಡೆ ನಾಗರ ಪಂಚಮಿಯ ಹೊತ್ತಿಗೆ ರೊಟ್ಟಿ ಹಬ್ಬ ಬರುತ್ತದೆ. ಮನೆಮನೆಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಎಣ್ಣೆಗಾಯಿ ಮಾಡಿ ಓಣಿಯ ಮನೆಗಳಿಗೆಲ್ಲ ಹಂಚುತ್ತಾರೆ. ಎಲ್ಲರ ಮನೆಯಲ್ಲೂ ರೊಟ್ಟಿ ಇದೆ, ಆದರೂ ಎಲ್ಲರೂ ಎಲ್ಲರಿಗೂ ಕೊಡುತ್ತಾರೆ. ಯಾರ ಕೈ ಹೇಗೆ ಎಂದು ಇಡೀ ಓಣಿಗೆ ತಿಳಿಯುವುದು ಅಂದೇ.

ಆ ವರ್ಷ ಶ್ರಾವಣದಲ್ಲಿ ನಮ್ಮವರೇ ಕೇಳಿದರು: “ಅಕ್ಕಾ, ಓಣಿಗೆಲ್ಲ ಹಂಚಿದೆವು, ಅವರ ಕೇಂದ್ರಕ್ಕೆ?” ನಾನು ಉತ್ತರ ಕೊಡಲಿಲ್ಲ. ದೊಡ್ಡವ್ವ ಉತ್ತರಕ್ಕೆ ಕಾಯಲೂ ಇಲ್ಲ. ತಟ್ಟೆಯಲ್ಲಿ ಹನ್ನೊಂದು ರೊಟ್ಟಿ, ಎರಡು ಬಗೆಯ ಚಟ್ನಿ ಇಟ್ಟು ಬಟ್ಟೆ ಮುಚ್ಚಿ ತಾನೇ ಹೊರಟಳು. ಎಂಟು ತಿಂಗಳು ಹುಡುಗನನ್ನು ಕಳಿಸಿ ಬೋರ್ಡು ಓದಿಸುತ್ತಿದ್ದ ಬಾಗಿಲಿಗೆ ನಮ್ಮ ತಟ್ಟೆ ಹೋಯಿತು.

ಬಂದ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ. ಸಂಜೆ ಆ ಕೇಂದ್ರ ನಡೆಸುವವರೇ ಬಂದರು, ಅವರನ್ನು ನಾವು ವೈನಿ, ಎಂದರೆ ಅತ್ತಿಗೆ, ಎಂದು ಕರೆಯುತ್ತೇವೆ. ತಟ್ಟೆಯಲ್ಲಿ ಅವರ ರೊಟ್ಟಿ, ಅಗಸಿ ಚಟ್ನಿ. ನಮ್ಮವರು ಮುರಿದು ತಿಂದು ಒಬ್ಬರ ಮುಖ ಒಬ್ಬರು ನೋಡಿದರು. ಅವರ ಚಟ್ನಿ ನಮ್ಮದಕ್ಕಿಂತ ಚೆನ್ನಾಗಿತ್ತು. ರೊಟ್ಟಿ ನಮ್ಮದೇ ಮೇಲು, ಅದರಲ್ಲಿ ಅನುಮಾನವಿರಲಿಲ್ಲ, ಆದರೆ ಆ ಚಟ್ನಿಯಲ್ಲಿ ಅಗಸಿ ಹುರಿದ ಹದವೇ ಬೇರೆ. ಚಹಾ ಕುಡಿಯುತ್ತ ವೈನಿ ತಾವಾಗಿಯೇ ಹೇಳಿದರು: 6 ರೂಪಾಯಿಗೆ ಮಾರಿದ ತಿಂಗಳುಗಳಲ್ಲಿ ಕೊರಳಿನ ಸರ ಒತ್ತೆ ಇಟ್ಟಿದ್ದರಂತೆ. ನನ್ನ ಬೋರ್ಡು ನೋಡಿ ಬರಲು ಅವರೂ ತಮ್ಮ ಮಗನನ್ನು ಕಳಿಸುತ್ತಿದ್ದರಂತೆ.

ನಿಮ್ಮ ಊರಲ್ಲಿ ರೊಟ್ಟಿ ಹಬ್ಬವೇ ಆಗಬೇಕಿಲ್ಲ. ಸಂಕ್ರಾಂತಿಯ ಎಳ್ಳಾಗಬಹುದು, ದಸರೆಯ ಬನ್ನಿಯಾಗಬಹುದು. ಮೊದಲ ಭೇಟಿಯಲ್ಲಿ ವ್ಯಾಪಾರದ ಮಾತು ತೆಗೆಯಬೇಡಿ. ಅವರು ಮಾಡಿದ ಸಾಮಾನನ್ನು ಕೈಯಲ್ಲಿ ಹಿಡಿದು ನೋಡಿ, ನಿಮ್ಮದಕ್ಕಿಂತ ಚೆನ್ನಾಗಿರುವ ಒಂದು ಅಂಶವನ್ನಾದರೂ ಹುಡುಕಿ, ಅದನ್ನು ಅವರ ಎದುರೇ ಹೇಳಿ.

ಬಾದಾಮಿಯ ಬನಶಂಕರಿಗೆ ಹೋದವರು ಗುಡಿಯ ಬಳಿ ಮರದ ನೆರಳಲ್ಲಿ ರೊಟ್ಟಿ ಬುಟ್ಟಿ ಇಟ್ಟುಕೊಂಡು ಸಾಲಾಗಿ ಕುಳಿತ ಹೆಂಗಸರನ್ನು ನೋಡಿರುತ್ತೀರಿ. ರೊಟ್ಟಿ, ಪಲ್ಯ, ಕೆಂಪು ಖಾರ, ಕುಡಿಕೆಯ ಮೊಸರು. ಎಲ್ಲರ ಬುಟ್ಟಿಯಲ್ಲೂ ಹೆಚ್ಚುಕಡಿಮೆ ಅದೇ. ಭಕ್ತರನ್ನು ಕೂಗಿ ಕರೆಯುವಾಗ ಅವರಷ್ಟು ಜೋರಿನವರು ಯಾರೂ ಇಲ್ಲ. ಆದರೆ ಒಬ್ಬಳ ಮೊಸರು ಮುಗಿದರೆ ಪಕ್ಕದವಳ ಕುಡಿಕೆ ತೆಗೆದುಕೊಂಡು ಬಡಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಲೆಕ್ಕ ಸಂಜೆ. ಆ ಸಾಲಿನಲ್ಲಿ ಒಬ್ಬಳೇ ಕುಳಿತಿದ್ದರೆ ಊಟಕ್ಕೆಂದು ಅಲ್ಲಿಗೆ ಅಷ್ಟು ಜನ ಬರುತ್ತಲೇ ಇರಲಿಲ್ಲ.

7. ಏನು ಹಂಚಿಕೊಳ್ಳಬೇಕು, ಏನು ಬಾರದು

ವೈನಿ ಮತ್ತು ನಾನು ಈಗ ಮೂರು ಕೆಲಸ ಕೂಡಿ ಮಾಡುತ್ತೇವೆ. ಒಂದು, ಜೋಳದ ಖರೀದಿ. ಎರಡೂ ಕಡೆ ಸೇರಿ ದಿನಕ್ಕೆ 4,000 ರೊಟ್ಟಿ, ಅಂದರೆ ದಿನಕ್ಕೆ ಎರಡು ಕ್ವಿಂಟಲ್ ಜೋಳ. ಸುಗ್ಗಿ ಮುಗಿಯುತ್ತಿದ್ದಂತೆ ವಿಜಯಪುರದ ಡೋಣಿ ನದಿ ಸಾಲಿನ ಮಾಲದಂಡಿ ತಳಿಯ ಜೋಳವನ್ನು ಲಾರಿ ಮಾಡಿ ತರಿಸುತ್ತೇವೆ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎನ್ನುವ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಆ ಕರಿನೆಲದ ಕಾಳಿನ ಹಿಟ್ಟಿಗೆ ಬರುವ ಜಿಗಿ ಬೇರೆ. ಒಬ್ಬರೇ ತರಿಸಿದರೆ ಲಾರಿ ಅರ್ಧ ಖಾಲಿ, ಬಾಡಿಗೆ ಪೂರ್ತಿ. ಎರಡು, ದೊಡ್ಡ ಆರ್ಡರು. ಮದುವೆಗೆ, ಜಾತ್ರೆಯ ದಾಸೋಹಕ್ಕೆ ಐದಾರು ಸಾವಿರ ರೊಟ್ಟಿ ಕೇಳುವವರು ಮೊದಲು ಬೇರೆ ಊರಿಗೆ ಹೋಗುತ್ತಿದ್ದರು, ಈಗ ಹಂಚಿಕೊಂಡು ಮಾಡುತ್ತೇವೆ. ಮೂರು, ಕಲಿಕೆ. ಅವರ ಚಟ್ನಿಯವಳು ನಮ್ಮಲ್ಲಿಗೆ, ನಮ್ಮ ದೊಡ್ಡವ್ವ ಅಲ್ಲಿಗೆ, ತಿಂಗಳಿಗೊಮ್ಮೆ.

ಇದೇನೂ ಹೊಸ ಬುದ್ಧಿಯಲ್ಲ. ಸಾವಿರ ವರ್ಷದ ಹಿಂದೆ ನಮ್ಮದೇ ಜಿಲ್ಲೆಯ ಐಹೊಳೆಯ ಹೆಸರು ಹೊತ್ತ ವರ್ತಕರ ಸಂಘವೊಂದಿತ್ತು, ಅಯ್ಯಾವೊಳೆ ಐನೂರ್ವರು ಎಂದು. ಬೇರೆ ಬೇರೆ ಜಾತಿಯ, ಬೇರೆ ಬೇರೆ ಸರಕಿನ ವ್ಯಾಪಾರಿಗಳು ಒಂದೇ ಕಟ್ಟುಪಾಡಿಗೆ ಒಳಪಟ್ಟು, ಕಾವಲು ಪಡೆ ಕಟ್ಟಿಕೊಂಡು ನಾಡು ದಾಟಿ ಕಡಲು ದಾಟಿ ಹೋದರು. ಸುಮಾತ್ರಾ ದ್ವೀಪದ ಬರೂಸ್ ಬಳಿ ಸಿಕ್ಕ 1088ರ ತಮಿಳು ಶಾಸನದಲ್ಲಿ ಐನೂರ್ವರ ಹೆಸರಿದೆ. ಹೇರಿಗೆ ಇಷ್ಟು ಎಂದು ತಮ್ಮ ಸರಕಿನ ಮೇಲೆ ತಾವೇ ಸುಂಕ ಹಾಕಿಕೊಂಡು ದೇವಸ್ಥಾನಗಳಿಗೆ ದತ್ತಿ ಬಿಟ್ಟದ್ದನ್ನು ಅವರ ಶಾಸನಗಳು ಹೇಳುತ್ತವೆ. ಆ ಮಾತು ನನಗೆ ಬಹಳ ಹಿಡಿಸಿತು. ನಾವಿಬ್ಬರೂ ರೊಟ್ಟಿಗೆ 5 ಪೈಸೆಯಂತೆ ಒಂದು ಡಬ್ಬಿಗೆ ಹಾಕುತ್ತೇವೆ. ದಿನಕ್ಕೆ 200, ಇಪ್ಪತ್ತೈದು ದಿನಕ್ಕೆ 5,000 ರೂಪಾಯಿ. ಎರಡೂ ಕೇಂದ್ರದ ಹೆಣ್ಣುಮಕ್ಕಳ ಆಸ್ಪತ್ರೆ ಖರ್ಚಿಗೆ ಅದು. ಡಬ್ಬಿಯ ಲೆಕ್ಕ ನಮ್ಮ ಕೈಯಲ್ಲಿಲ್ಲ, ಕಡೆಗೊಬ್ಬರಂತೆ ಅವರೇ ಆರಿಸಿದ ಇಬ್ಬರ ಕೈಯಲ್ಲಿದೆ.

ಹಂಚಿಕೊಳ್ಳಬಾರದ್ದು ಒಂದಿದೆ: ಮಾರುವ ದರ. ಇಬ್ಬರೂ ಕೂಡಿ ‘ಇನ್ನು ಮೇಲೆ 9 ರೂಪಾಯಿ, ಕಡಿಮೆಗೆ ಕೊಡುವುದು ಬೇಡ’ ಎಂದು ಒಪ್ಪಂದ ಮಾಡಿಕೊಂಡರೆ ಅದು ಗಿರಾಕಿಗೆ ಮಾಡುವ ಮೋಸ, 2002ರ ಸ್ಪರ್ಧಾ ಕಾಯ್ದೆಯ ಪ್ರಕಾರ ತಪ್ಪು ಕೂಡ. ಅವರ ದರ ಅವರದು, ನನ್ನ ದರ ನನ್ನದು. ಇಂದಿಗೂ ಅವರ ರೊಟ್ಟಿ ನಮ್ಮದಕ್ಕಿಂತ ಐವತ್ತು ಪೈಸೆ ಅಗ್ಗ, ಅವರ ಚಟ್ನಿ ತುಟ್ಟಿ. ಟೆಂಡರಿಗೆ ಹಾಕುವಾಗಲೂ ಒಬ್ಬರಿಗೊಬ್ಬರು ಕೇಳುವುದಿಲ್ಲ. ಉಳಿದ ಒಪ್ಪಂದಗಳನ್ನು, ಲಾರಿ ಬಾಡಿಗೆ ಯಾರು ಎಷ್ಟು, ಹಂಚಿಕೊಂಡ ಆರ್ಡರಿನ ರೊಟ್ಟಿ ವಾಪಸು ಬಂದರೆ ಯಾರ ಹೊಣೆ ಎಂಬುದನ್ನೆಲ್ಲ, ಒಂದು ಪುಟದಲ್ಲಿ ಬರೆದು ಇಬ್ಬರೂ ಸಹಿ ಮಾಡಿಟ್ಟುಕೊಳ್ಳಿ. ಸ್ನೇಹ ಗಟ್ಟಿಯಿದ್ದಾಗಲೇ ಬರೆಯಬೇಕು.

8. ಗಿರಾಕಿಗೆ ಕಥೆ ಹೇಳಬೇಡಿ, ಬಾಗಿಲು ತೆರೆಯಿರಿ

ಪೈಪೋಟಿ ಬಿಟ್ಟು ದರವನ್ನು ಮತ್ತೆ 8ಕ್ಕೆ ಏರಿಸಿದಾಗ ಅರ್ಧಕ್ಕರ್ಧ ಗಿರಾಕಿಗಳು ಹೋದರು. ಅದನ್ನು ಮುಚ್ಚಿಡುವುದಿಲ್ಲ. ನಾಲ್ಕು ತಿಂಗಳು ಬಿಗಿ ಹಿಡಿದು ನಡೆಸಬೇಕಾಯಿತು. ಕೈಯಲ್ಲಿ ಮೂರು ತಿಂಗಳ ಕೂಲಿಯಷ್ಟಾದರೂ ಹಣವಿಲ್ಲದಿದ್ದರೆ ಒಂದೇ ಏಟಿಗೆ ಏರಿಸಬೇಡಿ. ಹೊಸ ಗಿರಾಕಿಗಳಿಂದ ಶುರುಮಾಡಿ, ಹಳಬರಿಗೆ ಸುಗ್ಗಿಯ ಹೊತ್ತಿಗೆ ಹೇಳಿ. ನಾನು ಅವಸರ ಮಾಡಿದ್ದೆ.

ಉಳಿದವರನ್ನು, ಬಿಟ್ಟು ಹೋದವರನ್ನೂ, ಒಂದು ಭಾನುವಾರ ಕೇಂದ್ರಕ್ಕೆ ಕರೆದೆ. ಜೋಳದ ಚೀಲ, ಬೀಸಿದ ತಾರೀಖು, ಗೋಡೆಯ ಐದು ಸಾಲು, ಕೂಲಿಯ ಪುಸ್ತಕ ಎಲ್ಲವೂ ಕಣ್ಣೆದುರಿಗಿದ್ದವು. ಮೆಸ್ಸಿನ ಅಡುಗೆಯವರು ರೊಟ್ಟಿ ಬಡಿಯಲು ಕುಳಿತು ನನ್ನಷ್ಟೇ ಕೆಟ್ಟದಾಗಿ ಬಡಿದರು. ಪೊಟ್ಟಣದ ಮೇಲೆ ಈಗ ಬೀಸಿದ ದಿನ, ಸುಟ್ಟ ದಿನ ಎರಡೂ ಇರುತ್ತವೆ, ಬಡಿದವರ ಹೆಸರಿನ ಮೊದಲ ಅಕ್ಷರವೂ ಇರುತ್ತದೆ. ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗುವ ಕಟ್ಟುಗಳಿಗೆ ಅಲ್ಲಿಯವರು ‘ಶ ಅಕ್ಷರದವರ ರೊಟ್ಟಿಯೇ ಬೇಕು’ ಎಂದು ಫೋನ್ ಮಾಡಿದಾಗ ನಮ್ಮ ಶ ಅಕ್ಷರದವಳು ಎರಡು ದಿನ ನೆಲದ ಮೇಲೆ ನಡೆಯಲಿಲ್ಲ.

ನೂರು ರೊಟ್ಟಿಗೆ ಎರಡು ಕೊಸರು ಹಾಕುವುದು ನಮ್ಮ ಪದ್ಧತಿ. ದಾರಿಯಲ್ಲಿ ಮುರಿದರೆ ಇರಲಿ ಎಂದು.

9. ಎಲ್ಲಿ ಬಿಗಿಯಾಗಿರಬೇಕು

ಪೈಪೋಟಿ ಬೇಡ ಎಂದರೆ ಬಗ್ಗಿ ನಡೆಯಿರಿ ಎಂದು ಅರ್ಥ ಮಾಡಿಕೊಂಡವರು ಬಹಳ ಮಂದಿ. ಬಾಕಿ ಹಣದ ವಿಷಯದಲ್ಲಿ ನಾನು ಸ್ವಲ್ಪವೂ ಬಗ್ಗುವುದಿಲ್ಲ. ಒಬ್ಬ ದೊಡ್ಡ ಗಿರಾಕಿ ಐದು ತಿಂಗಳು ಬಿಲ್ಲು ಕೊಡದೆ ಓಡಾಡಿಸಿದಾಗ ಕಲಿತದ್ದು ಇದು. ಸರಕಾರದ ಉದ್ಯಮ್ ನೋಂದಣಿ ಮಾಡಿಸಿಕೊಂಡ ಸಣ್ಣ ತಯಾರಕರಿಗೆ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆ ಒಂದು ಬಲ ಕೊಟ್ಟಿದೆ. ಖರೀದಿಸಿದವರು ಮಾತಾಡಿಕೊಂಡ ಅವಧಿಯೊಳಗೆ ಹಣ ಕೊಡಬೇಕು, ಆ ಅವಧಿ 45 ದಿನ ಮೀರುವಂತಿಲ್ಲ. ಲಿಖಿತ ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೊಡಲು ಸರಕಾರದ ಜಾಲತಾಣವಿದೆ. ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆ ಮತ್ತು ಈ ಅವಧಿಯನ್ನು ಅಚ್ಚು ಹಾಕಿಸಿದ ಮೇಲೆ ಅರ್ಧ ತಕರಾರುಗಳು ತಾವಾಗಿಯೇ ಕಡಿಮೆಯಾದವು.

ನಿಮ್ಮ ಹೆಸರಿನ ಚೀಟಿ ಅಂಟಿಸಿ ಬೇರೆಯವರ ಮಾಲು ಮಾರುವವರನ್ನೂ ಬಿಡಬೇಡಿ. ಗುರುತನ್ನು ಟ್ರೇಡ್‌ಮಾರ್ಕ್ ಮಾಡಿಸಿ. ಒಳಗಿನವರು ಬೇಕೆಂದೇ ಹಳಸಲು ಹಿಟ್ಟು ಬೆರೆಸಿದರೆ ಒಮ್ಮೆ ಏಕಾಂತದಲ್ಲಿ ಹೇಳಿ, ಎರಡನೆಯ ಸಲ ಲೆಕ್ಕ ತೀರಿಸಿ ಕಳಿಸಿ. ನಾಲ್ಕು ಜನರ ಎದುರು ಬೈಯುವುದು ಮಾತ್ರ ಬೇಡ.

10. ಬಿಟ್ಟು ಹೋಗುವವರನ್ನು ಹಂಚು ಕೊಟ್ಟು ಕಳಿಸಿ

ಚೆನ್ನಾಗಿ ಕಲಿಸಿದರೆ ಕಲಿತವರು ಒಂದು ದಿನ ಹೋಗಿಯೇ ಹೋಗುತ್ತಾರೆ. ಇದಕ್ಕೆ ಹೆದರಿ ಗುಟ್ಟು ಮುಚ್ಚಿಟ್ಟುಕೊಳ್ಳುವ ಮಾಲೀಕರನ್ನು ಬಹಳ ನೋಡಿದ್ದೇನೆ. ಅವರ ಹತ್ತಿರ ಉಳಿಯುವವರು ಬೇರೆಲ್ಲೂ ಕೆಲಸ ಸಿಗದವರು.

ಎಣಿಕೆಯ ಹಲಗೆಯ ಕೊನೆಯಲ್ಲಿ ಹೆಸರಿದ್ದ ಆ ಹುಡುಗಿಯನ್ನು ದೊಡ್ಡವ್ವ ಮನೆಗೆ ಹೋಗಿ ಕರೆತಂದಿದ್ದಳು. ಎರಡು ವರ್ಷದಲ್ಲಿ ಅವಳ ಕೈ ಎಲ್ಲರಿಗಿಂತ ಮುಂದೆ ಹೋಯಿತು. ಹೋದ ವರ್ಷ ಬಂದು, “ಅಕ್ಕಾ, ಗದ್ದನಕೇರಿ ಕ್ರಾಸಿನಲ್ಲಿ ನಾನೇ ಒಂದು ರೊಟ್ಟಿ ಕೇಂದ್ರ ಹಾಕಬೇಕೆಂದಿದ್ದೇನೆ” ಎಂದಳು. ಹೊಟ್ಟೆಯಲ್ಲಿ ಸ್ವಲ್ಪ ಸಂಕಟವಾಯಿತು, ಸುಳ್ಳು ಹೇಳುವುದಿಲ್ಲ. ಆ ರಾತ್ರಿ ನೆಲದ ದರದ ಹಾಳೆಯನ್ನು ಅವಳ ಹೆಸರಿನಲ್ಲಿ ಹೊಸದಾಗಿ ಬರೆದುಕೊಟ್ಟೆ. ಪಳಗಿದ ಎರಡು ಹಂಚು, ಒಂದು ಹಲಗೆ ಕೊಟ್ಟೆ. ಹೊಸ ಹಂಚು ಪಳಗಲು ತಿಂಗಳುಗಟ್ಟಲೆ ಬೇಕು. ಆಹಾರ ಸುರಕ್ಷತೆಯ ನೋಂದಣಿಗೆ ಯಾವ ಕಾಗದ ಬೇಕು ಎಂದು ವೈನಿಯ ಮಗ ಕುಳಿತು ತುಂಬಿಸಿಕೊಟ್ಟ. ಮೊದಲ ಮೂರು ತಿಂಗಳು ದಿನಕ್ಕೆ 200 ರೊಟ್ಟಿಯ ಆರ್ಡರು ನಮ್ಮಿಂದಲೇ ಅವಳಿಗೆ ಹೋಗುತ್ತಿತ್ತು. ನೀವು ಕಳಿಸಿಕೊಡುವಾಗಲೂ ಹಣಕ್ಕಿಂತ ಆರ್ಡರು ಕೊಡಿ. ಹಣ ಸಾಲವಾಗುತ್ತದೆ, ಆರ್ಡರು ಅಭ್ಯಾಸವಾಗುತ್ತದೆ.

ಕಳೆದ ತಿಂಗಳು ಒಂದು ಮದುವೆಗೆ 6,000 ರೊಟ್ಟಿ ಕೇಳಿದ್ದರು. ಹಿಂದಿನ ದಿನ ನಮ್ಮಲ್ಲಿ ಮೂವರು ಜ್ವರದಿಂದ ಬರಲಿಲ್ಲ, ವೈನಿಯ ಕಡೆಯೂ ಇಬ್ಬರಿಲ್ಲ. ರಾತ್ರಿ ಎಂಟಕ್ಕೆ ಗದ್ದನಕೇರಿಗೆ ಫೋನ್ ಮಾಡಿದೆ. ಬೆಳಿಗ್ಗೆ ಐದೂವರೆಗೆ ಟಂಟಂ ಬಂದು ನಿಂತಿತು. 600 ಹೇಳಿದ್ದೆ. ಮದುವೆ ಮನೆಯವರ ಎದುರು ಎಣಿಸಿದಾಗ 612 ಇದ್ದವು.